ಕಿಟ್ಟೆಲ್ ಅಂದರೆ ಮೇಲಂಗಿ

ಹೋದ ತಿಂಗಳು ಈ ಅಂಕಣದಲ್ಲಿ ಜರ್ಮನಿಯಿಂದ ಬಂದ ಪಾದ್ರಿ ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ ನಿಘಂಟಿನ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ಒಂದೊಂದಾಗಿ ಓದಿದೆ. ನಿಘಂಟಿನ ಬಗ್ಗೆ ಕೇಳಿದವರು ಕಡಿಮೆ, ‘ಕಿಟ್ಟೆಲ್’ ಎಂಬ ಹೆಸರಿನ ಬಗ್ಗೆ ಕೇಳಿದವರೇ ಜಾಸ್ತಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ಒಂದು ಪದಕ್ಕೇ ಮೀಸಲು.

ಶುರು ಮಾಡುವ ಮುಂಚೆ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಚಿಕ್ಕಮಗಳೂರು ಜಿಲ್ಲೆಯ ಹೈಸ್ಕೂಲುಗಳಲ್ಲಿ 31 ವರ್ಷ ಕನ್ನಡ ಕಲಿಸಿದವನು ನಾನು. ಒಂದು ದಿನ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು, ‘ಸಾರ್, ಕಿಟ್ಟೆಲ್ ಅಂದ್ರೆ ಏನು ಸಾರ್?’ ಎಂದು ಕೇಳಿದ. ‘ಅವರ ಊರಿನ ಹೆಸರಿರಬೇಕಪ್ಪಾ, ಕೂತ್ಕೊ’ ಎಂದೆ. ನಮ್ಮ ಕಡೆ ಹೆಸರಿನ ಮುಂದೆ ಊರು ಇರುತ್ತಲ್ಲ, ಅದೇ ಅಂದಾಜಿನಲ್ಲಿ ಹೇಳಿದ್ದು. ಆ ಉತ್ತರ ತಪ್ಪು. ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಅವನು ಕೇಳಿದ್ದಕ್ಕೆ ಸರಿಯಾದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಪ್ರಶ್ನೆ: ನನ್ನ ಮಗಳು ಜರ್ಮನಿಯಲ್ಲಿ ನರ್ಸ್. ಸೋಂಕು ಇರುವ ರೋಗಿಯ ರೂಮಿಗೆ ಹೋಗುವಾಗ ‘ಕಿಟ್ಟೆಲ್ ಹಾಕ್ಕೊಂಡೇ ಹೋಗ್ಬೇಕಮ್ಮ’ ಎಂದು ಮೊನ್ನೆ ಫೋನಿನಲ್ಲಿ ಹೇಳಿದಳು. ನನಗೆ ನಿಮ್ಮ ನಿಘಂಟಿನ ಕಿಟ್ಟೆಲ್ ನೆನಪಾದರು. ಎರಡೂ ಒಂದೇ ಪದವಾ? — ತಾಯಿಯೊಬ್ಬರು, ಆಲ್ದೂರು

ಉತ್ತರ: ಒಂದೇ ಪದ, ತಾಯಿ. ನಿಮ್ಮ ಪತ್ರ ಓದಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ಕೂಡಲೇ ನನ್ನ ಹೆಂಡತಿಯನ್ನು ಕರೆದು ಓದಿ ಹೇಳಿದೆ.

ಜರ್ಮನ್ ಭಾಷೆಯಲ್ಲಿ ಕಿಟ್ಟೆಲ್ ಅಂದರೆ ಮೈಮೇಲೆ ಸಡಿಲವಾಗಿ ಬೀಳುವ ಮೇಲಂಗಿ. ಒಳಗಿನ ಬಟ್ಟೆ ಕೊಳೆಯಾಗದಿರಲಿ ಅಂತ ಮೇಲೆ ಹಾಕಿಕೊಳ್ಳುವ ಕೆಲಸದ ಅಂಗಿ. ಡಾಕ್ಟರ ಬಿಳಿ ಕೋಟು ‘ಆರ್ಟ್ಸ್‌ಕಿಟ್ಟೆಲ್’. ಪ್ರಯೋಗಾಲಯದ ಕೋಟು ‘ಲಬೋರ್‌ಕಿಟ್ಟೆಲ್’. ಪೇಂಟರ್ ಹಾಕುವುದು ‘ಮಾಲರ್‌ಕಿಟ್ಟೆಲ್’. ನಿಮ್ಮ ಮಗಳು ಸೋಂಕಿನ ರೂಮಿಗೆ ಹೋಗುವಾಗ ಹಾಕುವುದು ‘ಶುಟ್ಸ್‌ಕಿಟ್ಟೆಲ್’, ಅಂದರೆ ಕಾಪಾಡುವ ನಿಲುವಂಗಿ. ಡಾಕ್ಟರ್ ಎದುರು ಕೂತ ಕೂಡಲೇ ಕೆಲವರ ಬಿ.ಪಿ. ಏರುತ್ತದಲ್ಲ, ಅದಕ್ಕೂ ಜರ್ಮನರು ಇಟ್ಟ ಹೆಸರಿನಲ್ಲಿ ಈ ಅಂಗಿ ಇದೆ. ‘ಬಿಳಿ ಕಿಟ್ಟೆಲ್ಲಿನ ರಕ್ತದೊತ್ತಡ’ ಎನ್ನುತ್ತಾರೆ. ಹಳ್ಳಿಯ ಗಾಡಿಯವರು, ದನದ ವ್ಯಾಪಾರಿಗಳು, ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಊರೂರು ತಿರುಗಿ ಮಾರುವವರು ಹಿಂದೆ ನೀಲಿ ಕಿಟ್ಟೆಲ್ ಹಾಕುತ್ತಿದ್ದರು. ಆಸ್ಟ್ರಿಯಾ ಕಡೆ ಹೋದರೆ ಅರ್ಥ ಸ್ವಲ್ಪ ಜಾರುತ್ತದೆ. ಅಲ್ಲಿ ಹೆಂಗಸರ ಲಂಗಕ್ಕೂ ಕಿಟ್ಟೆಲ್ ಎನ್ನುತ್ತಾರೆ.

ಆಲ್ದೂರಿನವರಿಗೆ ಇದನ್ನು ಇನ್ನೂ ಸುಲಭವಾಗಿ ಹೇಳಬಹುದು. ಡಿಸೆಂಬರ್, ಜನವರಿಯಲ್ಲಿ ಕಾಫಿ ಹಣ್ಣು ಕುಯ್ಯಲು ತೋಟಕ್ಕೆ ಬರುವ ಹೆಣ್ಣಾಳುಗಳನ್ನು ನೋಡಿದ್ದೀರಲ್ಲ. ಸೀರೆಯ ಮೇಲೆ ಗಂಡನದೋ ಮಗನದೋ ಒಂದು ಹಳೆಯ ತುಂಬುತೋಳಿನ ಶರ್ಟು ಹಾಕಿ, ಸೊಂಟಕ್ಕೆ ಚೀಲ ಕಟ್ಟಿಕೊಂಡಿರುತ್ತಾರೆ. ಇರುವೆ ಕಚ್ಚಬಾರದು, ರೆಂಬೆ ಗೀಚಬಾರದು, ಹಣ್ಣಿನ ಅಂಟು ಸೀರೆಗೆ ಹತ್ತಬಾರದು. ಅದೇ ಕಿಟ್ಟೆಲ್. ಜರ್ಮನಿಯ ರೈತ ಹೊಲಕ್ಕೆ ಹೋಗುವಾಗ ಹಾಕಿದ್ದೂ ಅದೇ ಕಾರಣಕ್ಕೆ.

ಈಗ ಅಂಗಿ ಮನುಷ್ಯನ ಹೆಸರಾಗಿದ್ದು ಹೇಗೆ ಅಂತ ನೋಡೋಣ. ಜರ್ಮನಿಯಲ್ಲಿ ಮನೆತನದ ಹೆಸರುಗಳು ಸುಮಾರು 12ನೇ ಶತಮಾನದಿಂದ ಈಚೆಗೆ ನೆಲೆಗೊಂಡವು. ಪಟ್ಟಣಗಳು ಬೆಳೆದವು. ಒಂದೇ ಬೀದಿಯಲ್ಲಿ ನಾಲ್ಕು ಜನ ಯೊಹಾನ್ ಇದ್ದರೆ ಗುರುತು ಹೇಳುವುದು ಹೇಗೆ? ಗಿರಣಿಯವನು, ಕಮ್ಮಾರ, ಕುಳ್ಳ, ಕೆಂಚ, ಬೆಟ್ಟದ ಪಕ್ಕದವನು ಎಂದು ಸೇರಿಸಿ ಕರೆದರು. ಯಾವಾಗಲೂ ಎದ್ದು ಕಾಣುವಂಥ ಮೇಲಂಗಿ ಹಾಕುತ್ತಿದ್ದವನೊಬ್ಬ ‘ಕಿಟ್ಟೆಲ್’ ಆದ. ಅಂಥ ಅಂಗಿ ಹೊಲಿದು ಮಾರುವವನಿಗೂ ಇದೇ ಹೆಸರು ಅಂಟಿರಬಹುದು. ಹೊಲಿಯುವವನು ಎಂಬ ಅರ್ಥದಲ್ಲಿ ‘ಕಿಟ್ಲರ್’ ಎಂಬ ಇನ್ನೊಂದು ಮನೆತನದ ಹೆಸರೇ ಇದೆ. ಅಪ್ಪನಿಗೆ ಅಂಟಿದ್ದು ಮಗನಿಗೆ ಬಂತು. ಮಗ ಆ ಅಂಗಿ ಬಿಟ್ಟು ಪಾದ್ರಿಯಾದರೂ ಹೆಸರು ಬಿಡಲಿಲ್ಲ. ನಮ್ಮ ಕಿಟ್ಟೆಲ್ ಅವರ ತಂದೆ ಪಾದ್ರಿಯೇ ಆಗಿದ್ದರು.

ಇದು ನಮಗೆ ಹೊಸದೇನಲ್ಲ. ಧಾರವಾಡದ ಕಡೆ ಹೋದರೆ ಮೆಣಸಿನಕಾಯಿ, ಉಳ್ಳಾಗಡ್ಡಿ, ಅಂಗಡಿ, ಕಂಬಳಿ ಎಂಬ ಅಡ್ಡಹೆಸರಿನವರು ಸಿಗುತ್ತಾರೆ. ‘ಕಂಬಳಿ’ಗೂ ‘ಕಿಟ್ಟೆಲ್‌’ಗೂ ಏನು ವ್ಯತ್ಯಾಸ ಹೇಳಿ! ಎರಡೂ ಮೈಮೇಲೆ ಹೊದೆಯುವ ಬಟ್ಟೆಯೇ.

ಹಾಸನ, ಚಿಕ್ಕಮಗಳೂರು ಕಡೆ ಮಾತ್ರ ನಮ್ಮ ಪದ್ಧತಿ ಬೇರೆ. ಊರಿನ ಮೊದಲ ಅಕ್ಷರ, ಅಪ್ಪನ ಹೆಸರಿನ ಮೊದಲ ಅಕ್ಷರ, ಆಮೇಲೆ ತನ್ನ ಹೆಸರು. ಎಚ್.ಡಿ. ದೇವೇಗೌಡ ಅಂದರೆ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೊಡ್ಡೇಗೌಡರ ಮಗ ದೇವೇಗೌಡ. ನಿಮ್ಮ ಮಗಳಿಗೂ ಜರ್ಮನಿಯ ಫಾರಂಗಳಲ್ಲಿ ‘ಮನೆತನದ ಹೆಸರು’ ಎಂಬ ಖಾಲಿ ಜಾಗ ತುಂಬುವಾಗ ಯೋಚನೆಯಾಗಿರುತ್ತದೆ, ಅಲ್ವಾ? ಅವಳಿಗೆ ಇದನ್ನು ಹೇಳಿ. ಫರ್ಡಿನಾಂಡ್ ಕಿಟ್ಟೆಲ್ 1832ರ ಏಪ್ರಿಲ್ 7ರಂದು ಹುಟ್ಟಿದ್ದು ಜರ್ಮನಿಯ ಉತ್ತರ ಸಮುದ್ರದ ದಂಡೆಗೆ ಹತ್ತಿರವಿರುವ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ಅದು ಪೂರ್ವ ಫ್ರೀಸ್‌ಲ್ಯಾಂಡ್ ಎಂಬ ಸೀಮೆ. ಆ ಸೀಮೆಯ ಜನರಿಗೂ ಬಹಳ ಕಾಲ ಅಡ್ಡಹೆಸರು ಇರಲಿಲ್ಲ. ಯಾನ್ ಎಂಬವನ ಮಗ ಯಾನ್ಸನ್, ಅಷ್ಟೇ. ಮುಂದಿನ ತಲೆಮಾರಿಗೆ ಅದೂ ಬದಲಾಗುತ್ತಿತ್ತು. 1811ರಲ್ಲಿ ನೆಪೋಲಿಯನ್ ಆಡಳಿತ ‘ಎಲ್ಲರೂ ಒಂದು ಕಾಯಂ ಮನೆತನದ ಹೆಸರು ಇಟ್ಟುಕೊಳ್ಳಿ’ ಎಂದು ಆಜ್ಞೆ ಮಾಡಿತು. ಜನ ಅಷ್ಟು ಬೇಗ ಕೇಳಲಿಲ್ಲ. ಹಳೆಯ ಪದ್ಧತಿ ಇನ್ನೂ ಎಷ್ಟೋ ವರ್ಷ ನಡೆಯಿತು. ಅಪ್ಪನ ಹೆಸರಿನಿಂದಲೇ ಮಕ್ಕಳನ್ನು ಗುರುತಿಸುವ ಅಂಥ ಸೀಮೆಯಲ್ಲಿ ಹುಟ್ಟಿದ ‘ಅಂಗಿ’ ಮನೆತನದ ಹುಡುಗ 1853ರಲ್ಲಿ, 21ನೇ ವಯಸ್ಸಿಗೆ, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಕಡೆಯಿಂದ ನಮ್ಮ ನಾಡಿಗೆ ಬಂದ.

ಪ್ರಶ್ನೆ: ಕಿಟ್ಟೆಲ್ ಅಂದರೆ ಇಂಗ್ಲಿಷಿನ ಕೆಟಲ್, ಅವರ ಹಿರಿಯರು ಪಾತ್ರೆ ಮಾಡುವವರು ಎಂದು ನನ್ನ ಗೆಳೆಯ ವಾದಿಸುತ್ತಾನೆ. ನೂರು ರೂಪಾಯಿ ಪಂಥ ಕಟ್ಟಿದ್ದೇವೆ. ಯಾರು ಗೆದ್ದರು? — ಓದುಗರು, ಬೇಲೂರು

ಉತ್ತರ: ನೀವು ಗೆದ್ದಿರಿ. ಆದರೆ ನಿಮ್ಮ ಗೆಳೆಯರು ಸೋತದ್ದು ಯಾಕೆ ಅಂತ ತಿಳಿದರೆ ಅವರಿಗೂ ನೂರು ರೂಪಾಯಿಗಿಂತ ಹೆಚ್ಚಿನದು ಸಿಕ್ಕಂತೆ. ನೀವು ಬೇಲೂರಿನವರಾದ್ದರಿಂದ ಈ ಉತ್ತರ ಹೇಳುವುದು ನನಗೆ ಬಹಳ ಸುಲಭ.

ಬೇಲೂರು ತಾಲ್ಲೂಕಿನಲ್ಲೇ ಹಲ್ಮಿಡಿ ಇದೆ. ಸುಮಾರು ಕ್ರಿ.ಶ. 450ರ ಆ ಶಾಸನವನ್ನು 1936ರಲ್ಲಿ ಎಂ.ಎಚ್. ಕೃಷ್ಣ ಬೆಳಕಿಗೆ ತಂದರು. ಆ ಕಲ್ಲಿನ ಮೇಲೆ ಊರಿನ ಹೆಸರು ‘ಹಲ್ಮಿಡಿ’ ಎಂದಿಲ್ಲ. ‘ಪಲ್ಮಡಿ’ ಎಂದಿದೆ. ‘ಪ’ ಇದ್ದದ್ದು ಈಗ ‘ಹ’ ಆಗಿದೆ. ಇದು ಒಂದು ಊರಿನ ಕಥೆಯಲ್ಲ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪತ್ತು ಹತ್ತಾಯಿತು. ಹಳಗನ್ನಡದ ಪದಗಳ ಮೊದಲಲ್ಲಿದ್ದ ‘ಪ’ ಸಾಲುಸಾಲಾಗಿ ‘ಹ’ ಆಗಿದೆ. ಆದರೆ ಚಾರ್ಮಾಡಿ ಘಾಟಿಯನ್ನೋ ಶಿರಾಡಿ ಘಾಟಿಯನ್ನೋ ಇಳಿದು ನೋಡಿ. ತುಳುವಿನಲ್ಲಿ ಹುಲಿ ಈಗಲೂ ‘ಪಿಲಿ’, ಹತ್ತು ‘ಪತ್ತ್’, ಹೂವು ‘ಪೂ’. ಘಟ್ಟದ ಮೇಲೆ ‘ಹ’, ಘಟ್ಟದ ಕೆಳಗೆ ‘ಪ’.

ಜರ್ಮನಿಯಲ್ಲೂ ಇಂಥದ್ದೇ ಒಂದು ಕಥೆ ನಡೆದಿದೆ. ಸುಮಾರು 6ರಿಂದ 8ನೇ ಶತಮಾನದ ನಡುವೆ ದಕ್ಷಿಣದ ಎತ್ತರದ ಸೀಮೆಯ ಜರ್ಮನ್ ಮಾತಿನಲ್ಲಿ ಪದದ ನಡುವಿನ, ಕೊನೆಯ ‘ಟ’ ಬದಲಾಗಿ ‘ಸ’ ಆಯಿತು. ಇಂಗ್ಲಿಷಿನ ‘ವಾಟರ್’ ಅಲ್ಲಿ ‘ವಾಸ್ಸರ್’. ‘ಬೆಟರ್’ ಅಲ್ಲಿ ‘ಬೆಸ್ಸರ್’. ‘ಈಟ್’ ಅಲ್ಲಿ ‘ಎಸ್ಸೆನ್’. ‘ಫುಟ್’ ಅಲ್ಲಿ ‘ಫೂಸ್’. ಪದದ ಮೊದಲಲ್ಲಿ ‘ಟ’ ಇದ್ದರೆ ಅದು ‘ತ್ಸ’ ಆಯಿತು. ‘ಟೆನ್’ ಅಲ್ಲಿ ‘ತ್ಸೇನ್’. ಉತ್ತರದ ಸಮುದ್ರ ಕಡೆಯ ತಗ್ಗು ಬಯಲಿನಲ್ಲಿ ಮಾತ್ರ ಈ ಬದಲಾವಣೆ ಆಗಲಿಲ್ಲ. ಅಲ್ಲಿ ನೀರು ಇವತ್ತಿಗೂ ‘ವಾಟರ್’. ಅದಕ್ಕೇ ಒಂದನ್ನು ಎತ್ತರದ ಜರ್ಮನ್, ಇನ್ನೊಂದನ್ನು ತಗ್ಗಿನ ಜರ್ಮನ್ ಎಂದು ಕರೆಯುತ್ತಾರೆ. ಎತ್ತರ, ತಗ್ಗು ಅನ್ನುವುದು ಮೇಲು ಕೀಳಿನ ಮಾತಲ್ಲ. ನಾವು ಘಟ್ಟದ ಮೇಲೆ, ಘಟ್ಟದ ಕೆಳಗೆ ಅನ್ನುತ್ತೇವಲ್ಲ, ಹಾಗೆ ನೆಲದ ಮಾತು. ನನಗೆ ಇದನ್ನು ಮೊದಲು ಓದಿದ ದಿನ ಚಾರ್ಮಾಡಿ ತಿರುವುಗಳೇ ಕಣ್ಣಮುಂದೆ ಬಂದವು.

ಈಗ ಕೆಟಲ್ ತೆಗೆದುಕೊಳ್ಳಿ. ಈ ನಿಯಮದ ಪ್ರಕಾರ ಅದು ಎತ್ತರದ ಜರ್ಮನಿನಲ್ಲಿ ‘ಕೆಸ್ಸೆಲ್’ ಆಗಬೇಕು. ಹಾಗೇ ಆಗಿದೆ. ಕಡಾಯಿ, ಹಂಡೆ ಮಾಡುವವನ ಮನೆತನ ಅಲ್ಲಿ ‘ಕೆಸ್ಲರ್’. ತಗ್ಗಿನ ಜರ್ಮನಿನಲ್ಲಿ ‘ಟ’ ಉಳಿದು ಪಾತ್ರೆ ‘ಕೇಟೆಲ್’ ಆಯಿತು, ಮಾಡುವವನು ‘ಕೆಟ್ಲರ್’ ಆದ. ಎರಡೂ ಜರ್ಮನಿನಲ್ಲಿ ಪಾತ್ರೆಯ ಪದದಲ್ಲಿ ಇರುವುದು ‘ಕೆ’. ಅಂಗಿಯ ಪದದಲ್ಲಿ ‘ಕಿ’. ಒಂದು ಗುಣಿತದ ವ್ಯತ್ಯಾಸ ಅಂತ ಹಗುರವಾಗಿ ನೋಡಬೇಡಿ. ನಮ್ಮಲ್ಲಿ ‘ಕೆರೆ’ ಬೇರೆ, ‘ಕಿರಿ’ ಬೇರೆ ಅಲ್ವಾ?

ಗೆಳೆಯರು ಸುಮ್ನೆ ಬಿಡುವವರಲ್ಲ. ‘ಟ ಎಲ್ಲಾ ಸ ಆಗಿದ್ದರೆ ಕಿಟ್ಟೆಲ್‌ನಲ್ಲಿ ಟ ಯಾಕೆ ಉಳಿಯಿತು?’ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಈ ಪದ ಬರಹಗಳಲ್ಲಿ ಕಾಣುವುದು ಮಧ್ಯಕಾಲದ ಜರ್ಮನಿನಲ್ಲಿ, ಅಂದರೆ ಸುಮಾರು 1050ರಿಂದ 1350ರವರೆಗಿನ ಭಾಷೆಯಲ್ಲಿ. ಅಷ್ಟು ಹೊತ್ತಿಗೆ ‘ಟ’ ‘ಸ’ ಆಗುವ ಕಾಲ ಮುಗಿದಿತ್ತು. ನಮ್ಮಲ್ಲೂ ಹಾಗೇ. ‘ಪ’ ‘ಹ’ ಆಗುವ ಕಾಲ ಕಳೆದ ಮೇಲೆ ಬಂದ ಪೆನ್ನು ಹೆನ್ನಾಗಲಿಲ್ಲ, ಪೊಲೀಸು ಹೊಲೀಸಾಗಲಿಲ್ಲ. ಕಿಟ್ಟೆಲ್ ಪದಕ್ಕೆ ಅದಕ್ಕಿಂತ ಹಿಂದಿನ ಬೇರು ಯಾವುದು ಎಂಬ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಅರಬ್ಬಿಯಲ್ಲಿ ಹತ್ತಿಗೆ ಇರುವ ‘ಕುತ್ನ್’ ಎಂಬ ಪದಕ್ಕೆ ಕೆಲವರು ಗಂಟು ಹಾಕುತ್ತಾರೆ. ಇಂಗ್ಲಿಷಿನ ‘ಕಾಟನ್’ ಬಂದದ್ದು ಅಲ್ಲಿಂದಲೇ. ಕಿಟ್ಟೆಲ್ ಕೂಡ ಅಲ್ಲಿಂದಲೇ ಬಂತು ಎಂದು ಎಲ್ಲರೂ ಒಪ್ಪಿಲ್ಲ, ಅದಕ್ಕೇ ನಾನೂ ಹಾಗೆ ಹೇಳುವುದಿಲ್ಲ.

ಕೇಳಿದಾಗ ಒಂದೇ ಥರ ಅನ್ನಿಸುವ ಎರಡು ಪದಗಳನ್ನು ಜೋಡಿಸುವುದು ಬಹಳ ಸುಲಭ. ಆ ಸುಲಭವೇ ಅಪಾಯ. ಒಂಬತ್ತನೇ ಕ್ಲಾಸಿನಲ್ಲಿ ನಾನು ಎಡವಿದ್ದೂ ಹೀಗೆ ಅಂದಾಜು ಕಟ್ಟಿಯೇ. ಹಳೆಯ ಬರಹದಲ್ಲಿ ಪದ ಹೇಗಿತ್ತು, ಪಕ್ಕದ ಭಾಷೆಗಳಲ್ಲಿ ಹೇಗಿದೆ, ಬದಲಾವಣೆಗೆ ಒಂದು ಸಾಲು ಇದೆಯಾ ಎಂದು ನೋಡಬೇಕು. ಕಿಟ್ಟೆಲ್ ತಮ್ಮ ನಿಘಂಟಿನಲ್ಲಿ ಮಾಡಿದ್ದೂ ಇದನ್ನೇ. ಎಷ್ಟೋ ಕನ್ನಡ ಪದಗಳ ಪಕ್ಕದಲ್ಲಿ ಅದರ ತಮಿಳು, ಮಲಯಾಳ, ತೆಲುಗು, ತುಳು ರೂಪಗಳನ್ನು ಕೊಟ್ಟಿದ್ದಾರೆ. ಜೊತೆಗೆ ಆ ಪದ ಬಂದ ಹಳೆಯ ಕಾವ್ಯ, ಗಾದೆ ಎಲ್ಲ ಇದೆ. ಸುಮಾರು 70,000 ಪದಗಳಿಗೆ ಈ ಕೆಲಸ ಮಾಡಿ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ‘ವಾಟರ್’ ಎನ್ನುವ ಸೀಮೆಯಲ್ಲಿ ಹುಟ್ಟಿ ‘ವಾಸ್ಸರ್’ ಎನ್ನುವ ಪುಸ್ತಕಗಳಲ್ಲಿ ಓದಿದ ಮನುಷ್ಯನಿಗೆ ನಮ್ಮ ಪಾಲ್, ಹಾಲು ವಿಚಿತ್ರ ಅನ್ನಿಸಿರಲಾರದು.

ಪ್ರಶ್ನೆ: ನಾನು ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿದ್ದೇನೆ. ಘನಸ್ಥಿತಿ ಭೌತಶಾಸ್ತ್ರಕ್ಕೆ ನಮಗೆ ‘ಕಿಟ್ಟೆಲ್’ ಎಂದೇ ಹೆಸರಾದ ಪುಸ್ತಕ ಇದೆ. ಆ ಕಿಟ್ಟೆಲ್ ಕನ್ನಡದ ಕಿಟ್ಟೆಲ್ ಅವರ ಮೊಮ್ಮಗನೇ? — ವಿದ್ಯಾರ್ಥಿನಿ, ಹಾಸನ

ಉತ್ತರ: ಅವರು ಚಾರ್ಲ್ಸ್ ಕಿಟ್ಟೆಲ್. 1916ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು. ಅವರ ಪುಸ್ತಕದ ಮೊದಲ ಮುದ್ರಣ 1953ರಲ್ಲಿ ಬಂತು. 2019ರಲ್ಲಿ, ನೂರು ದಾಟಿದ ಮೇಲೆ, ತೀರಿಕೊಂಡರು. ಹೆಸರು ಒಂದೇ ಅಂತ ನೆಂಟಸ್ತನ ಕಟ್ಟಬೇಡಮ್ಮ. ಮೇಲಂಗಿ ಜರ್ಮನಿಯ ಎಲ್ಲಾ ಊರಿನಲ್ಲೂ ಇತ್ತು. ಹತ್ತು ಊರಿನಲ್ಲಿ ಹತ್ತು ಜನಕ್ಕೆ ಬೇರೆ ಬೇರೆಯಾಗಿ ಈ ಹೆಸರು ಬಿದ್ದಿರಬಹುದು. ಹಾಸನದಲ್ಲಿ ಎಷ್ಟು ಜನ ಪಟೇಲರು, ಶಾನುಭೋಗರು ಇದ್ದರು? ಎಲ್ಲರೂ ಒಂದೇ ಮನೆಯವರಲ್ಲವಲ್ಲ. ಹೀಬ್ರೂ ಬೈಬಲ್ಲಿನ ಪಾಠವನ್ನು ಪರಿಷ್ಕರಿಸಿ 1906ರಲ್ಲಿ ಹೊರತಂದ ರುಡಾಲ್ಫ್ ಕಿಟ್ಟೆಲ್ ಎಂಬ ಇನ್ನೊಬ್ಬ ಪಂಡಿತರಿದ್ದಾರೆ. ಅವರು ಹುಟ್ಟಿದ್ದು 1853ರಲ್ಲಿ, ಜರ್ಮನಿಯ ಇನ್ನೊಂದು ತುದಿಯಲ್ಲಿ, ದಕ್ಷಿಣದ ಎತ್ತರದ ಸೀಮೆಯಲ್ಲಿ. ನಮ್ಮ ಕಿಟ್ಟೆಲ್ ಭಾರತಕ್ಕೆ ಬಂದ ವರ್ಷವೂ ಅದೇ.

ಪ್ರಯೋಗಾಲಯಕ್ಕೆ ಹೋಗುವಾಗ ನೀನು ಬಿಳಿ ಕೋಟು ಹಾಕುತ್ತೀಯಲ್ಲ, ಅದೂ ಕಿಟ್ಟೆಲ್. ಕಿಟ್ಟೆಲ್ ಹಾಕಿಕೊಂಡು ಕಿಟ್ಟೆಲ್ ಓದುವ ಅವಕಾಶ ನಿನಗಿದೆ.

ಪ್ರಶ್ನೆ: ಕಿಟೆಲ್, ಕಿಟ್ಟೆಲ್, ಕಿಟ್ಟಲ್ — ಯಾವುದು ಸರಿ? ನಮ್ಮ ಅಜ್ಜ ‘ಕಿಟ್ಟಿ ಸಾಹೇಬರು’ ಎನ್ನುತ್ತಿದ್ದರು. — ಓದುಗರು, ಕಡೂರು

ಉತ್ತರ: ಜರ್ಮನರ ಬಾಯಲ್ಲಿ ಕೊನೆಯ ಸ್ವರ ಹೆಚ್ಚು ಕಡಿಮೆ ನುಂಗಿಹೋಗುತ್ತದೆ. ‘ಕಿಟ್ಲ್’ ಎಂದಂತೆ ಕೇಳುತ್ತದೆ. ಆದರೆ ಬರೆಯುವಾಗ ‘ಟ’ ಎರಡು, ಆಮೇಲೆ ‘ಎ’ ಇದೆ. ಹಾಗಾಗಿ ಕಿಟ್ಟೆಲ್ ಎಂದು ಬರೆಯುವುದು ನನಗೆ ಸರಿ ಕಾಣುತ್ತದೆ. ಕಿಟೆಲ್ ಎಂದು ಬರೆದವರನ್ನೂ ನಾನು ತಿದ್ದುವುದಿಲ್ಲ. ನಿಮ್ಮ ಅಜ್ಜ ಕೃಷ್ಣಮೂರ್ತಿಯನ್ನು ಕಿಟ್ಟಿ ಮಾಡುವ ಹಾಗೆ ಅವರನ್ನೂ ಮನೆಯವರನ್ನಾಗಿ ಮಾಡಿಕೊಂಡಿದ್ದಾರೆ. ಅದು ಪದದ ಮೂಲವಲ್ಲ, ಪ್ರೀತಿ. ಬೆಂಗಳೂರಿನ ಮೇಯೋ ಹಾಲ್ ಬಳಿ ಅವರ ಪ್ರತಿಮೆ ಇದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಆದರೆ ಕಡೂರಿನ ಒಂದು ಮನೆಯ ಜಗುಲಿಯಲ್ಲಿ ‘ಕಿಟ್ಟಿ ಸಾಹೇಬರು’ ಎಂದು ಕರೆಸಿಕೊಂಡದ್ದು ಅವರಿಗೆ ಗೊತ್ತಾಗಿದ್ದರೆ ಖಂಡಿತ ಸಂತೋಷಪಡುತ್ತಿದ್ದರು ಎಂದು ನಾನು ನಂಬುತ್ತೇನೆ.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ತನ್ನ ಯಹೂದಿ ಗೆಳೆಯನ ಮದುವೆಯ ಫೋಟೋ ಕಳಿಸಿದ್ದ. ವರ ಸೂಟಿನ ಮೇಲೆ ಬಿಳಿ ನಿಲುವಂಗಿ ಹಾಕಿದ್ದ. ಅದಕ್ಕೆ ಕಿಟ್ಟೆಲ್ ಎನ್ನುತ್ತಾರಂತೆ. ನಿಜವೇ? — ಓದುಗರು, ಕೊಪ್ಪ

ಉತ್ತರ: ನಿಜ. ಈ ಪತ್ರ ಓದಿದ ಮೇಲೆ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಜರ್ಮನಿಯ ಸೀಮೆಯಲ್ಲಿ ನೂರಾರು ವರ್ಷ ಬಾಳಿದ ಯಹೂದಿಗಳ ಮನೆಮಾತು ಯಿಡ್ಡಿಷ್. ಅದೂ ಜರ್ಮನ್ ಕುಲದ್ದೇ, ಬರೆಯುವುದು ಮಾತ್ರ ಹೀಬ್ರೂ ಲಿಪಿಯಲ್ಲಿ. ಕೆಲಸದ ಅಂಗಿಯ ಪದ ಅವರ ಬಾಯಲ್ಲಿ ಪೂಜೆಯ ಅಂಗಿಯ ಪದವಾಯಿತು. ಅವರ ಕಿಟ್ಟೆಲ್ ಶುದ್ಧ ಬಿಳಿ. ವರ್ಷಕ್ಕೊಮ್ಮೆ ಉಪವಾಸವಿದ್ದು ತಪ್ಪುಗಳಿಗೆ ಕ್ಷಮೆ ಬೇಡುವ ಯೋಮ್ ಕಿಪ್ಪುರ್ ದಿನ ಹಾಕುತ್ತಾರೆ. ಪಾಸೋವರ್ ಹಬ್ಬದ ರಾತ್ರಿ ಊಟದ ವಿಧಿ ನಡೆಸುವ ಮನೆಯ ಯಜಮಾನ ಹಾಕುತ್ತಾನೆ. ಕೆಲವು ಸಂಪ್ರದಾಯಗಳಲ್ಲಿ ಮದುವೆಯ ದಿನ ವರ ಹಾಕುತ್ತಾನೆ. ಸತ್ತಾಗ ಅದೇ ಕಿಟ್ಟೆಲ್ ಹಾಕಿ ಮಣ್ಣು ಮಾಡುತ್ತಾರೆ. ಹೆಣಕ್ಕೆ ಉಡಿಸುವ ಬಟ್ಟೆಗೆ ಜೇಬು ಇಡುವುದಿಲ್ಲ.

ಮದುವೆಯ ಅಂಗಿಯೂ ಮಣ್ಣಿನ ಅಂಗಿಯೂ ಒಂದೇ. ನಮ್ಮಲ್ಲಿ ಧಾರೆ ಸೀರೆಯನ್ನು ಜೋಪಾನವಾಗಿ ಎತ್ತಿಟ್ಟು, ‘ನಾನು ಹೋದಾಗ ಇದನ್ನೇ ಉಡಿಸಿ’ ಎನ್ನುವ ಮುತ್ತೈದೆಯರನ್ನು ನೀವೂ ನೋಡಿದ್ದೀರಿ. ನನ್ನ ಅಮ್ಮನೂ ಹಾಗೆ ಹೇಳಿ, ಹಾಗೇ ಹೋದಳು.

ಪ್ರಶ್ನೆ: ಎಲ್ಲಾ ಜರ್ಮನ್ ಹೆಸರಿಗೂ ಹೀಗೆ ಅರ್ಥ ಇರುತ್ತದಾ? — ಓದುಗರು, ಸಕಲೇಶಪುರ

ಉತ್ತರ: ಬಹಳಷ್ಟಕ್ಕೆ ಇರುತ್ತದೆ. ನಿಮಗೆ ಗೊತ್ತಿರುವ ಹೆಸರುಗಳನ್ನೇ ತೆಗೆದುಕೊಳ್ಳಿ. ಟೆನ್ನಿಸ್ಸಿನ ಬೆಕರ್ ಅಂದರೆ ರೊಟ್ಟಿ ಸುಡುವವನು. ಕಾರು ರೇಸಿನ ಶೂಮಾಕರ್ ಅಂದರೆ ಚಪ್ಪಲಿ, ಬೂಟು ಹೊಲಿಯುವವನು. ಸ್ಟೆಫಿ ಗ್ರಾಫ್ ಅವರ ‘ಗ್ರಾಫ್’ ಒಂದು ದೊರೆತನದ ಪದವಿ. ಶ್ಮಿಟ್ ಕಮ್ಮಾರ, ಮ್ಯುಲರ್ ಗಿರಣಿಯವನು, ವೇಬರ್ ನೇಕಾರ, ಶ್ನೈಡರ್ ದರ್ಜಿ.

ಸಕಲೇಶಪುರದವರಿಗೆ ಒಂದು ಹೆಸರನ್ನು ಬೇರೆಯಾಗಿಯೇ ಹೇಳಬೇಕು. ಕಿಟ್ಟೆಲ್ ಕಾಲದಲ್ಲಿ ಧಾರವಾಡದಲ್ಲಿ ಕನ್ನಡ ಕಲಿಸುವ ಪುಸ್ತಕಗಳನ್ನು ಬರೆದ ಬಾಸೆಲ್ ಮಿಷನ್ನಿನ ಇನ್ನೊಬ್ಬರು ತ್ಸೀಗ್ಲರ್. ಆ ಹೆಸರಿನ ಅರ್ಥ ಹೆಂಚು, ಇಟ್ಟಿಗೆ ಮಾಡುವವನು. ಲ್ಯಾಟಿನ್ನಿನ ‘ತೆಗುಲ’ ಎಂಬ ಪದ ಇಂಗ್ಲಿಷಿಗೆ ಹೋಗಿ ‘ಟೈಲ್’ ಆಯಿತು. ಎತ್ತರದ ಜರ್ಮನಿಗೆ ಹೋಗಿ ಮೇಲೆ ಹೇಳಿದ ನಿಯಮದಂತೆ ‘ತ್ಸೀಗೆಲ್’ ಆಯಿತು. ಟೆನ್ ತ್ಸೇನ್ ಆದ ಹಾಗೆಯೇ. ಅದನ್ನು ಮಾಡುವವನು ತ್ಸೀಗ್ಲರ್. ಅದೇ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು. ಆ ಮಂಗಳೂರು ಹೆಂಚು ಘಟ್ಟ ಹತ್ತಿ ಬಂದು ನಮ್ಮ ಮಲೆನಾಡಿನ ಮನೆಗಳ ಮೇಲೆ ಕೂತಿತು. ನಮ್ಮ ಅಜ್ಜನ ಮನೆ ಕೆಡವಿದಾಗ ನಾನು ಒಂದು ಹೆಂಚನ್ನು ಎತ್ತಿಟ್ಟುಕೊಂಡಿದ್ದೇನೆ. ಪಾಚಿ ಕೆರೆದರೆ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’ ಎಂಬ ಅಚ್ಚು ಈಗಲೂ ಓದಲು ಬರುತ್ತದೆ. ನಿಮ್ಮ ಊರಿನಲ್ಲೂ ಹಳೆಯ ಮನೆ ಇಳಿಸುವಾಗ ಹೆಂಚಿನ ಹಿಂಬದಿ ತಿರುಗಿಸಿ ನೋಡಿ, ಪುಡಿ ಮಾಡಿ ಅಂಗಳಕ್ಕೆ ಹಾಕುವ ಮುಂಚೆ.

ಕೊನೆಗೆ ನನ್ನದೊಂದು ಪ್ರಶ್ನೆ ಇದೆ. ತೋಟದ ಕೆಲಸಕ್ಕೆ ಹೆಂಗಸರು ಸೀರೆಯ ಮೇಲೆ ಹಾಕುವ ಆ ಶರ್ಟಿನ ಬಗ್ಗೆ ಬರೆದೆನಲ್ಲ. ಮಳೆಗಾಲದ ಗೊರಬಿಗೆ, ಕಂಬಳಿ ಕೊಪ್ಪೆಗೆ ನಮ್ಮಲ್ಲಿ ಹೆಸರಿದೆ. ಈ ಶರ್ಟಿಗೆ ನಿಮ್ಮ ಊರಿನಲ್ಲಿ ಏನನ್ನುತ್ತಾರೆ? ‘ತೋಟದ ಅಂಗಿ’ ಎಂದು ನಾನು ಕೇಳಿದ್ದೇನೆ. ಬೇರೆ ಹೆಸರು ಇರಲೇಬೇಕು. ಬಾಳೆಹೊನ್ನೂರು, ಕಳಸ, ಬಾಳುಪೇಟೆ, ಆಲೂರು ಕಡೆಯವರು ತಿಳಿಸಿ. ಪದದ ಜೊತೆಗೆ ಅದನ್ನು ಹೇಳಿದವರು ಯಾವ ಊರಿನವರು, ಅವರ ವಯಸ್ಸು ಎಷ್ಟು ಎಂದೂ ಬರೆಯಿರಿ. ಒಂದು ಕಾರ್ಡು ಸಾಕು.